ನಾಲ್ಕು ನಿಮಿಷ ತಡವಾಗಿ ಕೂಗಿದ ಗಿರಣಿ

ನಗರ ಪರಂಪರೆ ಮತ್ತು ಸಾರ್ವಜನಿಕ ಉಪನ್ಯಾಸ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಎಂಬತ್ತಮೂರು ವರ್ಷದ ಒಬ್ಬ ಹಿರಿಯರು ಒಂದು ಶನಿವಾರ ಸಂಜೆ ಗ್ರಂಥಾಲಯದ ಮೇಲಂತಸ್ತಿನಲ್ಲಿ ಐವತ್ತು ಜನರೆದುರು ಕೂತು ತಾವು ಮಾಡಿದ್ದೊಂದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅದಕ್ಕೆ ಪ್ರತಿಯಾಗಿ ತಾವು ಅವರ ಮಾತಿನ ಧ್ವನಿಮುದ್ರಣವನ್ನು ಸಂಗ್ರಹದಿಂದ ತೆಗೆಸಿದಿರಿ, ಅವರಿಗೆ ಕಾರಣ ಕೇಳುವ ನೋಟಿಸು ಕಳುಹಿಸಿದಿರಿ, ಆಮೇಲೆ ಆ ಸಭಾಂಗಣಕ್ಕೇ ಬೀಗ ಜಡಿಸಿದಿರಿ. ಮೂರೂ ಕೆಲಸ ಒಂದೇ ತಿಂಗಳೊಳಗೆ. ಅದೇ ಸಭಾಂಗಣದ ಕಿಟಕಿಗೆ ಗಾಜು ಹಾಕಿಸಿಕೊಡಿ ಎಂದು ನಾವು ಬರೆದ ಅರ್ಜಿಗೆ ಮೂರು ವರ್ಷದಿಂದ ಉತ್ತರವಿಲ್ಲ. ತಮ್ಮ ಕಚೇರಿ ನಿಧಾನ ಎಂದು ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಮನಸ್ಸು ಮಾಡಿದರೆ ತಮಗೂ ಓಡಲು ಬರುತ್ತದೆ.

ನಾನು ಯಾರು, ನನಗೇಕೆ ಈ ಉಸಾಬರಿ ಎಂದು ತಾವು ಕೇಳಬಹುದು. ನಾನು ವಾಚ್ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಆರಡಿ ಅಗಲದ ಜಾಗದಲ್ಲಿ ಕೂರುತ್ತೇನೆ. ನನಗಿಂತ ಮೊದಲು ನನ್ನ ತಂದೆ ಅಲ್ಲಿ ಕೂರುತ್ತಿದ್ದರು. ತಮ್ಮ ನೋಟಿಸಿನಲ್ಲಿ ಆ ಹಿರಿಯರ ಕೃತ್ಯದಿಂದ 'ಸಾರ್ವಜನಿಕರಿಗೆ ಉಂಟಾದ ತೊಂದರೆ' ಎಂಬ ಮಾತಿದೆ. ಆ ಸಾರ್ವಜನಿಕರು ಯಾರು ಎಂದು ತಾವು ಬರೆದಿಲ್ಲ, ಬಹುಶಃ ಹುಡುಕಲು ಬಿಡುವಾಗಿಲ್ಲ. ಹುಡುಕುವ ಶ್ರಮ ಬೇಡ. ಅವರಿಂದ ಈ ಊರಲ್ಲಿ ನಿಜವಾಗಿ ಯಾರಿಗಾದರೂ ಪೆಟ್ಟು ಬಿದ್ದಿದ್ದರೆ ಅದು ನಮ್ಮ ಮನೆಗೆ. ದೂರು ಕೊಡುವ ಹಕ್ಕಿದ್ದರೆ ನನಗಿದೆ. ನಾನು ಕೊಟ್ಟಿಲ್ಲ. ನನ್ನ ಪರವಾಗಿ ನನ್ನನ್ನು ಕೇಳದೆಯೇ ಕೋಪಿಸಿಕೊಂಡ ತಮ್ಮ ಔದಾರ್ಯಕ್ಕೆ ಕೃತಜ್ಞತೆ ಹೇಳಿ, ನಡೆದದ್ದನ್ನು ಮೊದಲಿನಿಂದ ವಿವರಿಸುತ್ತೇನೆ.

ತಮ್ಮ ಕಚೇರಿ ವರ್ಷಕ್ಕೆ ನಾಲ್ಕು ವಿಶೇಷ ಉಪನ್ಯಾಸ ಏರ್ಪಡಿಸುತ್ತದೆ. ನಾನು ಎರಡಕ್ಕೆ ಹೋಗಿದ್ದೇನೆ. ಒಂದರಲ್ಲಿ ವಿದ್ವಾಂಸರೊಬ್ಬರು ನಾಗರಿಕತೆಯ ಹುಟ್ಟಿನಿಂದ ಶುರು ಮಾಡಿದರು. ಒಂದೂವರೆ ಗಂಟೆಯಾದರೂ ನಮ್ಮ ಊರು ಇನ್ನೂ ಹುಟ್ಟಿರಲಿಲ್ಲ. ಇನ್ನೂರು ಕುರ್ಚಿ, ಹದಿನಾಲ್ಕು ಜನ, ಅದರಲ್ಲಿ ಐವರು ತಮ್ಮ ಸಿಬ್ಬಂದಿ. ನಿವೃತ್ತರಾದ ನಮ್ಮ ಲೈಬ್ರರಿ ಮೇಡಂ ಆರು ವರ್ಷದ ಹಿಂದೆ 'ಎರಡನೇ ಶನಿವಾರದ ಮಾತು' ಎಂದು ಶುರು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ತಿಂಗಳಿಗೆ ಒಬ್ಬರು, ತಮ್ಮ ಕೆಲಸದ ಬಗ್ಗೆ, ತಾವು ಕಂಡ ಊರಿನ ಬಗ್ಗೆ ಒಂದು ಗಂಟೆ ಮಾತಾಡಬೇಕು. ಹಾರವಿಲ್ಲ, ಸ್ವಾಗತ ಭಾಷಣವಿಲ್ಲ. ಬಸ್ ಕಂಡಕ್ಟರೊಬ್ಬರು ಜನ ಬಸ್ಸಿನಲ್ಲಿ ಮರೆತು ಇಳಿದ ವಸ್ತುಗಳ ಬಗ್ಗೆ ಮಾತಾಡಿದರು. ಒಂದು ಹಲ್ಲುಸೆಟ್ಟನ್ನು ಯಾರೂ ಕೇಳಿಕೊಂಡು ಬರಲೇ ಇಲ್ಲವಂತೆ, ಆ ಮನುಷ್ಯ ಆಮೇಲೆ ಹೇಗೆ ಉಂಡನೋ ಎಂಬ ಯೋಚನೆ ಅವರನ್ನು ಇಂದಿಗೂ ಬಿಟ್ಟಿಲ್ಲ. ಇಸ್ತ್ರಿ ಮಾಡುವಾಕೆ ಬಂದು, ಅಂಗಿಯ ಕಾಲರು ನೋಡಿಯೇ ಯಾವ ಮನೆಯಲ್ಲಿ ಗಂಡಹೆಂಡಿರು ಮಾತು ಬಿಟ್ಟಿದ್ದಾರೆಂದು ತಾನು ಹೇಗೆ ಹೇಳಬಲ್ಲೆ ಎಂದು ವಿವರಿಸಿದಳು. ಮುಂದಿನ ಸಾಲಿನ ಇಬ್ಬರು ಗಂಡಸರು ಮೆಲ್ಲಗೆ ಕಾಲರು ಸರಿಮಾಡಿಕೊಂಡರು. ಜನ ನಿಂತು ಕೇಳಿದ್ದಾರೆ, ಮೆಟ್ಟಿಲ ಮೇಲೆ ಕೂತು ಕೇಳಿದ್ದಾರೆ. ಮೇಡಂ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡು ತಮ್ಮ ಸಂಗ್ರಹಕ್ಕೆ ಕಳುಹಿಸುತ್ತ ಬಂದರು. ತಾವು ಅವನ್ನು ಕೇಳಿಲ್ಲ ಎಂದು ನನಗೆ ಗ್ಯಾರಂಟಿಯಿದೆ. ಕೇಳಿದ್ದರೆ ಎಷ್ಟೋ ಮೊದಲೇ ಬೀಗ ಬೀಳುತ್ತಿತ್ತು.

ಹೋದ ತಿಂಗಳ ಎರಡನೇ ಶನಿವಾರ ಬಂದವರು ನೂಲಿನ ಗಿರಣಿಯ ಸೈರನ್ ಊದುತ್ತಿದ್ದವರು. ಊರೆಲ್ಲ ಅವರನ್ನು ಸೈರನ್ನಿನವರು ಎಂದೇ ಕರೆಯುವುದು. ಗಿರಣಿ ಮುಚ್ಚಿ ಇಪ್ಪತ್ತು ವರ್ಷ ಮೇಲಾಯಿತು. ಉಳಿದಿರುವುದು ಗೋಪುರ, ಅದರ ಮೇಲೊಂದು ನಿಂತ ಗಡಿಯಾರ, ಅದರ ಕೆಳಗೆ ತಾವು ಹೋದ ವರ್ಷ ಅನಾವರಣ ಮಾಡಿದ ಫಲಕ. 'ಐವತ್ತೆರಡು ವರ್ಷಗಳಲ್ಲಿ ಒಂದು ದಿನವೂ, ಒಂದು ಕ್ಷಣವೂ ತಪ್ಪದೆ ಈ ಊರಿಗೆ ಸಮಯ ಸಾರಿದ ಕೂಗು' ಎಂದು ಅದರಲ್ಲಿ ಕೆತ್ತಿದೆ. ಸ್ಮರಣ ಸಂಚಿಕೆಯ ಮುನ್ನುಡಿಯಲ್ಲಿ ತಾವೂ ಅದೇ ಮಾತನ್ನು ಇನ್ನಷ್ಟು ಉದ್ದವಾಗಿ ಬರೆದಿದ್ದೀರಿ.

ಸೈರನ್ನಿನವರು ಕುರ್ಚಿಯಲ್ಲಿ ಕೂತೇ ಮಾತಾಡಿದರು. ಬಾಯ್ಲರ್ ಮನೆಯ ಬಿಸಿ, ಹಬೆಯ ಹಿಡಿಕೆ ಎಳೆಯುವಾಗ ತೋಳಿಗೆ ಹತ್ತುವ ನಡುಕ, ಸೈರನ್ ಕೇಳಿ ಊರಿನ ಅಡುಗೆಮನೆ, ಶಾಲೆ, ಕ್ಷೌರದಂಗಡಿ ಒಂದೊಂದಾಗಿ ಏಳುತ್ತಿದ್ದ ಬಗೆ, ಇವೆಲ್ಲ ಮೊದಲು ಬಂದವು. ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವುದೂ ಅವರದೇ ಕೆಲಸ. ಗಿರಣಿಯ ಗೇಟು, ಹಾಜರಿ ಕೋಣೆ, ಮ್ಯಾನೇಜರರ ಕೈಗಡಿಯಾರ ಎಲ್ಲವೂ ಆ ಗೋಪುರವನ್ನು ನೋಡಿ ನಡೆಯುತ್ತಿದ್ದವು. ಆಮೇಲೆ ಅವರು ನೀರು ಕುಡಿದು, ಇದುವರೆಗೂ ಯಾರಿಗೂ ಹೇಳದ ಒಂದು ಸಂಗತಿ ಇದೆ ಎಂದರು.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಬೆಳಗ್ಗೆ ಏಳಕ್ಕೆ ಸೈರನ್, ಅದು ನಿಂತ ಕೂಡಲೇ ಗೇಟು ಮುಚ್ಚುತ್ತಿತ್ತು. ಮೂರು ಸಲ ತಡವಾದವರ ಕೆಲಸ ಹೋಗುತ್ತಿತ್ತು. ಬಾಯ್ಲರ್ ಮನೆಯ ಕಟ್ಟೆಯ ಮೇಲಿಂದ ನೋಡಿದರೆ ಇಡೀ ರಸ್ತೆ ಕಾಣುತ್ತದೆ. ಒಂದು ಸೋಮವಾರ ಅವರು ಸೈರನ್ ಊದುತ್ತಿರುವಾಗ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ದೂರದ ತಿರುವಿನಿಂದ ಓಡಿ ಬರುತ್ತಿದ್ದುದು ಕಂಡಿತು. ಅವಳು ಗೇಟಿಗೆ ಬರುವಷ್ಟರಲ್ಲಿ ಮುಚ್ಚಿಯಾಗಿತ್ತು. ಮಂಗಳವಾರವೂ ಹಾಗೇ. ಗೇಟಿನವನನ್ನು ಕೇಳಿದಾಗ ಗೊತ್ತಾಯಿತು, ಅವಳಿಗೆ ಕೈಗೂಸಿದೆ, ಗಂಡ ಜೊತೆಗಿಲ್ಲ. ಮಗುವನ್ನು ನೋಡಿಕೊಳ್ಳುವುದು ಅಕ್ಕ. ಅಕ್ಕ ಪಕ್ಕದ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ರೈಲಿಗೆ ಬಂದಿಳಿದು ಮಗುವನ್ನು ಎತ್ತಿಕೊಂಡ ಮೇಲೆಯೇ ಇವಳು ಮನೆ ಬಿಡಬೇಕು. ರೈಲು ಬೇಗ ಬರುವುದಿಲ್ಲ. ಸೈರನ್ ತಡವಾಗುವುದಿಲ್ಲ. ಬುಧವಾರ ಅವಳ ಕೆಲಸ ಹೋಗುವುದು ಖಚಿತವಾಗಿತ್ತು.

ಮಂಗಳವಾರ ಮಧ್ಯಾಹ್ನ ಸೈರನ್ನಿನವರು ಎಂದಿನಂತೆ ಕೀಲಿ ಕೊಡಲು ಗೋಪುರ ಹತ್ತಿ, ಮುಳ್ಳನ್ನು ನಾಲ್ಕು ನಿಮಿಷ ಹಿಂದಕ್ಕೆ ತಳ್ಳಿ ಇಳಿದು ಬಂದರು.

ಎಂಟು ತಿಂಗಳು ಈ ಊರು ನಾಲ್ಕು ನಿಮಿಷ ತಡವಾಗಿ ಬದುಕಿತು. ಕೆಲಸ ಶುರುವಾಗುವುದೂ ತಡ, ಬಿಡುವುದೂ ತಡ, ಗಿರಣಿಗೆ ಒಂದೆಳೆ ನೂಲೂ ನಷ್ಟವಾಗಲಿಲ್ಲ. ಕೊನೆಗೆ ಅವಳಿಗೆ ಮಧ್ಯಾಹ್ನದ ಪಾಳಿ ಸಿಕ್ಕಿತು. ಬೆಳಗಿನ ರಸ್ತೆಯಲ್ಲಿ ಓಡುವವರು ಯಾರೂ ಇಲ್ಲವೆಂದು ಕಂಡ ವಾರವೇ ಅವರು ಮುಳ್ಳನ್ನು ಮತ್ತೆ ಮುಂದಕ್ಕೆ ತಳ್ಳಿದರು. ಅವಳೊಂದಿಗೆ ಅವರು ಒಂದು ದಿನವೂ ಮಾತಾಡಲಿಲ್ಲ. ಹೇಳಿದರೆ ಅವಳು ಅಂಜಿಕೊಳ್ಳುತ್ತಾಳೆ, ಅಂಜಿಕೊಂಡವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಅವರ ಲೆಕ್ಕಾಚಾರ.

ಕಿಟಕಿ ಪಕ್ಕದ ಸಾಲಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಎದ್ದು ನಿಂತರು. ಗಿರಣಿಯ ಕಥೆ ಕೇಳೋಣವೆಂದು ಬಂದಿದ್ದ ಹಳೆಯ ಕೆಲಸಗಾರ್ತಿ, ಅಷ್ಟೇ ಎಂದು ನಾವೆಲ್ಲ ತಿಳಿದಿದ್ದೆವು.

"ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡ್ತಿದ್ದೋಳು ನಾನೇ," ಎಂದರು. "ಎರಡು ದಿನ ತಡ ಆಯ್ತು, ಮೂರನೇ ದಿನದಿಂದ ಆಗ್ಲಿಲ್ಲ. ನಾನು ಜೋರಾಗಿ ಓಡೋದು ಕಲ್ತೆ ಅಂದ್ಕೊಂಡಿದ್ದೆ. ಮಗಳಿಗೆ ಇವತ್ತಿಗೂ ಹೇಳ್ತೀನಿ, ನಿಮ್ಮಮ್ಮ ಹೇಗೆ ಓಡ್ತಿದ್ಲು ಗೊತ್ತಾ ಅಂತ. ಈಗ ಅವಳಿಗೆ ಏನು ಹೇಳ್ಲಿ?"

ಜನ ನಕ್ಕರು. ಸೈರನ್ನಿನವರು ಆಕೆಯ ಕಡೆ ತಿರುಗಿ, "ಓಡಿದ್ದು ನೀನೇ ಅಲ್ವಮ್ಮಾ. ನಾನು ಬರೀ ಮುಳ್ಳು ಹಿಡ್ಕೊಂಡಿದ್ದೆ," ಎಂದರು.

ಆಮೇಲೆ ಬಿದ್ದ ಚಪ್ಪಾಳೆ ಕೆಳಗಿನ ರಸ್ತೆಗೂ ಕೇಳಿಸಿತಂತೆ. ನಾನು ಚಪ್ಪಾಳೆ ತಟ್ಟಲಿಲ್ಲ. ಮೂರನೇ ಸಾಲಿನಿಂದ ಎದ್ದು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೊರಟುಬಿಟ್ಟೆ. ಏಕೆಂದರೆ ಆ ಎಂಟು ತಿಂಗಳು ನನಗೆ ಚೆನ್ನಾಗಿ ನೆನಪಿತ್ತು.

ಆಗ ನನಗೆ ಇಪ್ಪತ್ತಾರು. ತಂದೆಯ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ಅಂಗಡಿಯ ಗೋಡೆಯಲ್ಲಿ ಲೋಲಕದ ದೊಡ್ಡ ಗಡಿಯಾರವಿತ್ತು. ತಂದೆ ದಿನಾ ಬೆಳಗ್ಗೆ ರೇಡಿಯೋದ ಸಮಯ ಸಂಕೇತಕ್ಕೆ ಅದನ್ನು ಹೊಂದಿಸಿದ ಮೇಲೆಯೇ ಮೊದಲ ವಾಚಿನ ಬೆನ್ನು ಬಿಚ್ಚುತ್ತಿದ್ದರು. ಒಂದು ಬುಧವಾರದಿಂದ ಜನ ಬರತೊಡಗಿದರು. ನೀವು ರಿಪೇರಿ ಮಾಡಿಕೊಟ್ಟ ವಾಚು ನಾಲ್ಕು ನಿಮಿಷ ಮುಂದೆ ಓಡುತ್ತಿದೆ ಎಂಬುದು ಎಲ್ಲರ ಒಂದೇ ದೂರು. ತಂದೆ ಬಿಚ್ಚಿ ನೋಡುವರು, ದೋಷವಿರುತ್ತಿರಲಿಲ್ಲ. ನಿಮ್ಮ ವಾಚು ಸರಿಯಾಗಿದೆ, ಸೈರನ್ನೇ ತಡ ಎನ್ನುವರು. ಗಿರಾಕಿ ಮರುಕದಿಂದ ನಗುವನು. ಸೈರನ್ ತಪ್ಪುವುದುಂಟೆ? ಬೆಳಗಿನ ರೈಲು ನಾಲ್ಕು ನಿಮಿಷ ಬೇಗ ಹೊರಡುತ್ತಿದೆ ಎಂದು ಜನ ರೈಲಿನವರ ಮೇಲೆ ಅರ್ಜಿ ಬರೆದರೇ ಹೊರತು ಸೈರನ್ ಕಡೆ ಯಾರೂ ಬೆರಳು ತೋರಿಸಲಿಲ್ಲ. ತಂದೆ ರೇಡಿಯೋ ಸಾಕ್ಷಿ ಹೇಳಿದರು. ರೇಡಿಯೋ ದೂರದಿಂದ ಬರಬೇಕಾದ್ದರಿಂದ ತಡವಾಗಿಯಾದರೂ ಬರಬಹುದು, ಬೇಗ ಬರುವುದು ಸಾಧ್ಯವೇ ಇಲ್ಲ, ಆದ್ದರಿಂದ ನಿಮ್ಮ ಪೆಟ್ಟಿಗೆಯೇ ಕೆಟ್ಟಿದೆ ಎಂದು ಶಾಲೆಯ ಹೆಡ್‌ಮಾಸ್ತರರೇ ವೈಜ್ಞಾನಿಕವಾಗಿ ತೀರ್ಪು ಕೊಟ್ಟರು.

ಭಾಷಣಗಳ ಬಗ್ಗೆ ಹೊರಡಿಸಿದ ಹೊಸ ಸುತ್ತೋಲೆಯಲ್ಲಿ ತಾವು ಲಿಖಿತ ಆಧಾರ ಬೇಕೆಂದು ಕೇಳಿದ್ದೀರಿ. ಲಿಖಿತ ಆಧಾರ ನನ್ನ ಬಳಿ ಇದೆ. ತಂದೆ ಪ್ರತಿ ವಾಚಿಗೂ ಬಂದ ದಿನ, ಕಂಡ ದೋಷ ಬರೆದಿಡುತ್ತಿದ್ದರು. ಆ ಎಂಟು ತಿಂಗಳ ಪುಟಗಳಲ್ಲಿ 'ದೋಷವಿಲ್ಲ' ಎಂಬ ಒಂದೇ ಪದ ಇನ್ನೂರ ಹನ್ನೆರಡು ಸಲ ಇದೆ. ಮೊದಮೊದಲು ಅಕ್ಷರ ದುಂಡಗೆ, ನೆಟ್ಟಗೆ ಇವೆ. ಕೊನೆಕೊನೆಗೆ 'ದೋಷ ಕಾಣಲಿಲ್ಲ' ಎಂದಾಗಿದೆ. ಈ ಎರಡು ಮಾತಿನ ನಡುವೆ ಒಬ್ಬ ಮನುಷ್ಯ ಎಷ್ಟು ಕುಗ್ಗಿದ ಎಂದು ಅಳೆಯುವ ತಜ್ಞರು ತಮ್ಮ ಪಟ್ಟಿಯಲ್ಲಿದ್ದರೆ ತಿಳಿಸಿ.

ಕೈ ಹೋಯಿತು, ಕಣ್ಣು ಹೋಯಿತು ಎಂದು ಊರು ಆಡಿಕೊಂಡಿತು. ಗಿರಾಕಿಗಳು ಮಾರುಕಟ್ಟೆಯ ಹೊಸ ಅಂಗಡಿಯತ್ತ ಹೊರಳಿದರು. ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ ತಂದೆ ಸ್ಟೂಲು ಹತ್ತಿ, ಗೋಡೆ ಗಡಿಯಾರದ ಗಾಜಿನ ಬಾಗಿಲು ತೆಗೆದು, ಬೆರಳಿನಿಂದ ಮುಳ್ಳನ್ನು ನಾಲ್ಕು ನಿಮಿಷ ಹಿಂದಕ್ಕೆ ಸರಿಸಿದರು. ನಾನು ನೋಡುತ್ತಿದ್ದೆ. "ಊರಿಗೆ ಊರೇ ತಪ್ಪು ಅನ್ನೋಕೆ ನಾನ್ಯಾರು?" ಎಂದು ಹೇಳಿ ಸ್ಟೂಲಿನಿಂದ ಇಳಿದರು. ಇನ್ನು ನಾಲ್ಕು ತಿಂಗಳಾದ ಮೇಲೆ ಸೈರನ್ ಸದ್ದಿಲ್ಲದೆ ಸರಿಯಾಯಿತು. ಆ ನಾಲ್ಕು ತಿಂಗಳಲ್ಲಿ ಅವರು ಹೊಂದಿಸಿಕೊಟ್ಟಿದ್ದ ವಾಚುಗಳೆಲ್ಲ ಈಗ ನಾಲ್ಕು ನಿಮಿಷ ಹಿಂದೆ ಬಿದ್ದವು, ಜನ ಮತ್ತೆ ಬಂದರು. ಆ ದಿನ ಅವರು ಕಣ್ಣಿಗೆ ಹಾಕುವ ಮಸೂರವನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಗಂಟೆ ಎಷ್ಟಾಯಿತು ಎಂದು ನನ್ನ ತಾಯಿಯನ್ನು ಕೇಳುತ್ತಿದ್ದರು.

ಇದನ್ನೆಲ್ಲ ಹೊತ್ತುಕೊಂಡವನು ಆ ಚಪ್ಪಾಳೆಯ ನಡುವೆ ಹೇಗೆ ಕೂರಲಿ? ಹನ್ನೊಂದು ದಿನ ನಾನು ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ಸೈರನ್ನಿನವರ ಮೇಲೆ ಕೋಪವಿತ್ತೋ, ತಂದೆ ಸರಿಯಾಗಿದ್ದರಲ್ಲ ಎಂಬ ಸಮಾಧಾನವಿತ್ತೋ ನನಗೇ ತಿಳಿಯಲಿಲ್ಲ.

ಹನ್ನೆರಡನೇ ದಿನ ಅವರೇ ಅಂಗಡಿಗೆ ಬಂದರು. ಕೈಯಲ್ಲಿ ತಮ್ಮ ನೋಟಿಸು. 'ಸದರಿಯವರು ದಾಖಲಿತ ಇತಿಹಾಸಕ್ಕೆ ವ್ಯತಿರಿಕ್ತವಾಗಿ ಹೇಳಿಕೆ ನೀಡಿ ಪರಂಪರೆಯ ಘನತೆಗೆ ಧಕ್ಕೆ ತಂದಿರುವುದಲ್ಲದೆ, ಸೇವಾವಧಿಯಲ್ಲಿ ಗಡಿಯಾರವನ್ನು ಅನಧಿಕೃತವಾಗಿ ತಿರುಚಿರುವುದಾಗಿ ಸ್ವತಃ ಒಪ್ಪಿಕೊಂಡಿರುತ್ತಾರೆ, ಈ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು' ಎಂದಿತ್ತು. ಇದರ ಎರಡು ತುದಿಗಳನ್ನು ತಾವು ಒಮ್ಮೆಯಾದರೂ ಒಟ್ಟಿಗೆ ಓದಿದ್ದೀರಾ? ಮೊದಲ ಅರ್ಧದ ಪ್ರಕಾರ ಅವರು ಹೇಳಿದ್ದು ಸುಳ್ಳು. ಎರಡನೇ ಅರ್ಧದ ಪ್ರಕಾರ ಅದು ನಿಜ, ಆದ್ದರಿಂದ ಅಪರಾಧ. ಒಂದೇ ವಾಕ್ಯದಲ್ಲಿ ಒಬ್ಬ ಮನುಷ್ಯನನ್ನು ಸುಳ್ಳನೂ ತಪ್ಪೊಪ್ಪಿಕೊಂಡವನೂ ಮಾಡುವ ಕಲೆ ಆಡಳಿತ ಭಾಷೆಗೆ ಮಾತ್ರ ಸಿದ್ಧಿಸಿದೆ.

ನೋಟಿಸನ್ನು ಓದಿ ಹೇಳಲು ಅವರಿಗೆ ಮನೆಯಲ್ಲಿ ಜನವಿದ್ದರು. ಅವರು ಬಂದದ್ದು ಅದಕ್ಕಲ್ಲ. ಸ್ಟೂಲಿನ ಮೇಲೆ ಕೂತು, ನನ್ನ ಹಣೆ, ಮೂಗು ತಂದೆಯದೇ ಅಚ್ಚು ಎಂದರು. ನಾನು ಬಿಚ್ಚಿಟ್ಟಿದ್ದ ವಾಚಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ತಂದೆ ಗಿರಣಿಗೆ ಬಂದಿದ್ರು," ಎಂದರು. "ಬಾಯ್ಲರ್ ಮನೆ ತನಕ ಬಂದ್ರು. ಕೈಯಲ್ಲಿ ವಾಚು. ಒಂದು ಮಾತು ಹೇಳಿ, ಯಾರಿಗೂ ಹೇಳಲ್ಲ, ನಿಮ್ಮ ಗಡಿಯಾರ ಹಿಂದೆ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ನಿಮ್ಮ ಕಣ್ಣು ಯಾರಿಗಾದ್ರೂ ತೋರಿಸ್ಕೊಳ್ಳಿ ಅಂದೆ."

ಇದು ನಮಗೆ ಯಾರಿಗೂ ತಿಳಿದಿರಲಿಲ್ಲ. ತಂದೆ ಅಲ್ಲಿಗೆ ಹೋಗಿದ್ದನ್ನು ಮನೆಯಲ್ಲಿ ಹೇಳಿರಲೇ ಇಲ್ಲ. ನನ್ನ ಚಿಮಟದಿಂದ ಸಣ್ಣ ತಿರುಪೊಂದು ಜಾರಿ ನೆಲಕ್ಕೆ ಉರುಳಿತು. ಅವರಿಗೊಬ್ಬರಿಗೆ ಹೇಳಿದ್ದರೆ ಏನಾಗುತ್ತಿತ್ತು, ನನ್ನ ತಂದೆ ಗುಟ್ಟು ಬಿಟ್ಟುಕೊಡುವವರಾಗಿದ್ದರೇ ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ ಎಂದು ಕಾಣುತ್ತದೆ, ಪಕ್ಕದ ಬೀಗದ ಕೈಯವನು ಅರ ಉಜ್ಜುವುದನ್ನು ನಿಲ್ಲಿಸಿದ.

ಬಿಟ್ಟುಕೊಡುತ್ತಿರಲಿಲ್ಲವೆಂದು ಈಗ ತಿಳಿಯುತ್ತದೆ, ಆಗ ಹೆದರಿಕೆಯಾಗಿತ್ತು ಎಂದು ಸೈರನ್ನಿನವರು ಒಪ್ಪಿಕೊಂಡರು. ಒಬ್ಬಳ ಕೆಲಸ ಉಳಿಸಲು ಹೋಗಿ ಇನ್ನೊಬ್ಬರ ಕೆಲಸ ತೆಗೆದೆ ಎಂಬುದು ವರ್ಷಗಳಾದ ಮೇಲೆ ಅರ್ಥವಾಯಿತಂತೆ. ಆ ಶನಿವಾರ ಇದನ್ನೂ ಹೇಳಲೆಂದೇ ಬಂದಿದ್ದರು. ಮೂರನೇ ಸಾಲಿನಲ್ಲಿ ನನ್ನ ಮುಖ ಕಂಡು ಬಾಯಿ ಕಟ್ಟಿಹೋಯಿತು. ಹೇಳಿದ್ದು ಚಪ್ಪಾಳೆ ಬೀಳುವ ಅರ್ಧ ಮಾತ್ರ. ಸರಿ, ಈಗ ನನಗೆ ಹೇಳಿದಿರಲ್ಲ, ಮುಗಿಯಿತು ಎಂದೆ. ಅವರು ತಲೆಯಾಡಿಸಿದರು.

"ನಿಮ್ಮೊಬ್ರಿಗೆ ಹೇಳಿದ್ರೆ ಸಾಲದು. ಅವರ ಹೆಸರು ಕೆಟ್ಟಿದ್ದು ಊರ ಮುಂದೆ. ಊರ ಮುಂದೇನೇ ಹೇಳ್ಬೇಕು. ಇನ್ನೊಂದು ಶನಿವಾರ ಕೊಡಿಸಿ."

ನಾನು ಚಹಾ ತರಿಸಿದೆ. ಇಬ್ಬರೂ ಕುಡಿದೆವು. ಆಮೇಲೆ ದೀಪ ಹಿಡಿದು ಬಿದ್ದ ತಿರುಪನ್ನು ಹುಡುಕಿದೆವು. ಅವರ ಕಣ್ಣಿಗೇ ಮೊದಲು ಬಿತ್ತು.

ಮಾನ್ಯರೇ, ಆ ಇನ್ನೊಂದು ಶನಿವಾರ ಕೇಳಲು ನಾನೂ ಲೈಬ್ರರಿ ಮೇಡಂ ಅವರೂ ತಮ್ಮ ಕಚೇರಿಗೆ ಬಂದೆವು. ಸಂದರ್ಶಕರ ಕೋಣೆಯಲ್ಲಿ ಎರಡು ಗಂಟೆ ನಲವತ್ತು ನಿಮಿಷ ಕೂತೆವು. ಅಲ್ಲಿನ ಗೋಡೆ ಗಡಿಯಾರದ ಪ್ರಕಾರ ಎರಡು ಗಂಟೆ ಇಪ್ಪತ್ತೊಂಬತ್ತು, ಅದು ನಿಧಾನ ಓಡುತ್ತದೆ. ಇದು ದೂರಲ್ಲ, ಕಸುಬಿನ ಚಾಳಿ. ಗುಮಾಸ್ತರು ಹೊಸ ಸುತ್ತೋಲೆ ಕೊಟ್ಟರು. ಭಾಷಣಕಾರರು ವಿಷಯ ತಜ್ಞರಾಗಿರಬೇಕು, ಸಂಬಂಧಿತ ಪದವಿ ಪತ್ರ ಲಗತ್ತಿಸಬೇಕು, ಆಡಲಿರುವ ಮಾತುಗಳನ್ನು ಹದಿನೈದು ದಿನ ಮೊದಲು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕು, ಆಡುವಾಗ ಅದರಿಂದ ಕದಲಬಾರದು. ಸೈರನ್ ಊದುವುದಕ್ಕೆ ಯಾವ ಪದವಿ ಎಂದು ಮೇಡಂ ವಿಚಾರಿಸಿದರು. ಗುಮಾಸ್ತರು ಪ್ರಾಮಾಣಿಕರು, ಅದು ಕಾಲಂನಲ್ಲಿ ಇಲ್ಲ ಎಂದರು. ಕೊನೆಗೆ ತಾವು ಹೊರಗೆ ಹೋಗುವ ದಾರಿಯಲ್ಲಿ ನಮಗೂ ಅರ್ಧ ನಿಮಿಷ ಕೊಟ್ಟಿರಿ. ಇಂಥದ್ದನ್ನೆಲ್ಲ ಹೇಳಿಸಿದರೆ ಜನರಿಗೆ ಪರಂಪರೆಯ ಮೇಲೆ ನಂಬಿಕೆಯೇ ಹೊರಟುಹೋಗುತ್ತದೆ ಎಂದಿರಿ.

ಆ ಮಾತನ್ನು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಯಾವ ಪರಂಪರೆ? ಗೋಪುರ ಹೇಳಿದ್ದೇ ಸಮಯ, ಅದಕ್ಕೆ ಹೊಂದದವನ ಕಣ್ಣೇ ಕೆಟ್ಟಿದೆ ಎಂಬ ಪರಂಪರೆಯೇ? ಹಾಗಿದ್ದರೆ ಚಿಂತೆ ಬೇಡ, ಅದು ತಮ್ಮ ಕಚೇರಿಯಲ್ಲಿ ಆರೋಗ್ಯವಾಗಿದೆ. ಅಂದು ಗಿರಣಿಯ ಗೋಪುರ ಮಾಡಿದ ಕೆಲಸವನ್ನು ಇಂದು ತಮ್ಮ ಫಲಕ ಮಾಡುತ್ತಿದೆ. ವ್ಯತ್ಯಾಸವೆಂದರೆ, ಗೋಪುರ ಸುಳ್ಳು ಹೇಳಿದ್ದು ಒಬ್ಬ ತಾಯಿಯ ಕೆಲಸ ಉಳಿಸುವುದಕ್ಕೆ. ಫಲಕ ಯಾರನ್ನು ಉಳಿಸುತ್ತಿದೆ? ಮುನ್ನುಡಿ ಬರೆದವರನ್ನೇ? ನಾವು ಶನಿವಾರಗಳಲ್ಲಿ ಕೇಳುವುದು ಇತಿಹಾಸವಲ್ಲ, ಹರಟೆ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಸ್ವಾಮಿ, ಐವತ್ತೆರಡು ವರ್ಷ ಸೈರನ್ ತಪ್ಪಲಿಲ್ಲ ಎಂಬ ಸಾಲಿನಿಂದ ನನಗೆ ಈ ಊರಿನ ಬಗ್ಗೆ ಏನೂ ತಿಳಿಯಲಿಲ್ಲ. ಎಂಟು ತಿಂಗಳು ಅದು ಏಕೆ ತಪ್ಪಿತು, ತಪ್ಪಿದಾಗ ಊರು ಯಾರನ್ನು ನಂಬಿತು, ಯಾರನ್ನು ನಂಬಲಿಲ್ಲ ಎಂಬುದು ತಿಳಿದ ಮೇಲೆಯೇ ನಾನು ಎಂಥ ಊರಲ್ಲಿ ಅರವತ್ತನಾಲ್ಕು ವರ್ಷ ಬದುಕಿದ್ದೇನೆ ಎಂದು ಗೊತ್ತಾದದ್ದು.

ಈ ತಿಂಗಳ ಎರಡನೇ ಶನಿವಾರ ಸಂಜೆ ಆರಕ್ಕೆ ನಾವು ಹೋದಾಗ ಬಾಗಿಲಿಗೆ ಬೀಗ, ಬೀಗದ ಮೇಲೆ 'ದುರಸ್ತಿ ನಿಮಿತ್ತ' ಎಂಬ ಚೀಟಿ. ಒಳಗೆ ಸುತ್ತಿಗೆಯ ಸದ್ದಿಲ್ಲ, ಮರಳಿನ ಒಂದು ಕಣವಿಲ್ಲ. ಬಂದವರು ಮಾತ್ರ ಹಿಂದಿರುಗಲಿಲ್ಲ. ಮೆಟ್ಟಿಲುಗಳ ಮೇಲೆ ಮೇಲಿನಿಂದ ಕೆಳಗಿನವರೆಗೆ ಕೂತರು. ನನ್ನ ತಾಯಿಗೆ ಎಂಬತ್ತೆಂಟು. ಕರೆತರುವುದು ಬೇಡವೆಂದಿದ್ದೆ, ಕೇಳಲಿಲ್ಲ. ಕನ್ನಡಕದ ಅಂಗಡಿಯವರು ಒಂದು ಕುರ್ಚಿ ತಂದು ಮೆಟ್ಟಿಲ ಬುಡದಲ್ಲಿ ಹಾಕಿಕೊಟ್ಟರು. ಅಂದು ಓಡುತ್ತಿದ್ದ ಹೆಂಗಸು ಮಗಳನ್ನೂ ಕರೆದುಕೊಂಡು ಬಂದಿದ್ದರು.

ಸೈರನ್ನಿನವರು ಮೊದಲ ತಿರುವಿನವರೆಗೆ ಹತ್ತಿ, ಗೋಡೆಗೆ ಒರಗಿ ನಿಂತರು. ಅಷ್ಟು ಹತ್ತಿದ್ದಕ್ಕೇ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಒಂದು ಗಂಟೆ ಮಾತಾಡಲೆಂದು ಬಂದವರಿಗೆ ಒಂದು ನಿಮಿಷಕ್ಕಾಗುವಷ್ಟು ಕಸುವು ಉಳಿದಿತ್ತು.

"ಅವತ್ತು ವಾಚ್ ರಿಪೇರಿಯವರು ಹೇಳಿದ್ದೇ ಸರಿ," ಎಂದರು. "ನನ್ನನ್ನ ಕೇಳೋಕೂ ಬಂದಿದ್ರು. ಗೊತ್ತಿದ್ದೂ ಸುಳ್ಳು ಹೇಳಿ ಕಳಿಸ್ದೆ. ಅವರ ಕಣ್ಣು ಚೆನ್ನಾಗಿತ್ತು. ಕೈಯೂ ಚೆನ್ನಾಗಿತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನರ ನಡುವೆ ತಲೆ ನರೆತ ಎಷ್ಟೋ ಮಂದಿ ನೆಲ ನೋಡುತ್ತಿದ್ದರು. ಅಂದು ವಾಚು ಹಿಂದಕ್ಕೆ ತಂದುಕೊಟ್ಟವರ ಪೈಕಿ ಎಷ್ಟು ಜನ ಅಲ್ಲಿದ್ದರೋ ನಾನು ಎಣಿಸಲಿಲ್ಲ. ಹೆಂಗಸಿನ ಮಗಳು ಎದ್ದು ಬಂದು ಅವರ ತೋಳು ಹಿಡಿದು ನಿಧಾನವಾಗಿ ಕೂರಿಸಿದಳು.

ನಾನು ತಾಯಿಯ ಕುರ್ಚಿಯ ಬಳಿ ಬಗ್ಗಿ, ಕೇಳಿಸಿತೇ ಅಮ್ಮ, ಅಪ್ಪನದು ತಪ್ಪಿರಲಿಲ್ಲವಂತೆ ಎಂದೆ. ತಾಯಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ನನಗೆ ಯಾವತ್ತೂ ಅನುಮಾನ ಇರ್ಲಿಲ್ವಲ್ಲ," ಎಂದರು. "ನಿನಗಿತ್ತು. ಅವರಿಗೆ ಅದು ಗೊತ್ತಿತ್ತು."

ನಿಜ. ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ ಅಪ್ಪ, ನಾನು ನೋಡಿಕೊಳ್ಳುತ್ತೇನೆ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನು. ಅವರು ಸ್ಟೂಲು ಹತ್ತಿದ್ದು ಆ ಮಾತಿನ ಮರುದಿನ ಬೆಳಗ್ಗೆ. ಇಷ್ಟು ಹೊತ್ತು ಈ ಪತ್ರದಲ್ಲಿ ಊರನ್ನೂ ತಮ್ಮನ್ನೂ ಹಂಗಿಸುತ್ತ ಬಂದವನು ಇದೊಂದನ್ನು ನುಂಗಿಕೊಂಡಿದ್ದೆ. ಅರ್ಧ ಹೇಳಿ ನಿಲ್ಲಿಸುವುದು ಎಷ್ಟು ಸುಲಭ ಎಂದು ಸೈರನ್ನಿನವರಿಂದ ಕಲಿತಿದ್ದೇನೆ, ಉಳಿದರ್ಧ ಹೇಳುವುದನ್ನೂ ಅವರಿಂದಲೇ ಕಲಿಯಬೇಕಾಯಿತು. ಅದಕ್ಕಾದರೂ ಒಂದು ಸಭಾಂಗಣ ಬೇಕು ಮಾನ್ಯರೇ. ಮನುಷ್ಯನಿಗೆ ಮನೆಯೊಳಗೆ ಹೇಳಲಾಗದ ಕೆಲವು ಮಾತುಗಳು ನೆರೆಹೊರೆಯವರು ಕೂತು ಕೇಳುವಾಗ ಮಾತ್ರ ಬಾಯಿಗೆ ಬರುತ್ತವೆ.

ಆದ್ದರಿಂದ ಕೇಳಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಸೈರನ್ನಿನವರಿಗೆ ಕಳುಹಿಸಿದ ನೋಟಿಸನ್ನು ಹಿಂದಕ್ಕೆ ಪಡೆಯಿರಿ, ಅವರ ಮನೆಗೆ ಹೋಗಿ ಪಡೆದರೆ ಇನ್ನೂ ಒಳ್ಳೆಯದು. ತೆಗೆಸಿದ ಧ್ವನಿಮುದ್ರಣವನ್ನು ಸಂಗ್ರಹದಲ್ಲಿ ಅದರ ಜಾಗಕ್ಕೆ ಮರಳಿಸಿ, ಮೆಟ್ಟಿಲ ಮೇಲೆ ಆಡಿದ ನಾಲ್ಕು ಮಾತನ್ನು ಮೇಡಂ ಧ್ವನಿಮುದ್ರಿಸಿಕೊಂಡಿದ್ದಾರೆ, ಅದನ್ನೂ ಜೊತೆಗೆ ಇಡಿ. ಫಲಕವನ್ನು ಬೇಕಾದರೆ ಹಾಗೆಯೇ ಇಟ್ಟುಕೊಳ್ಳಿ, ಕಲ್ಲಿಗೆ ನಾಚಿಕೆಯಾಗುವುದಿಲ್ಲ. ಆದರೆ ಸುತ್ತೋಲೆಯನ್ನು ಹರಿದುಹಾಕಿ, ಸಭಾಂಗಣದ ಬೀಗ ತೆಗೆಸಿ. ಮುಂದಿನ ತಿಂಗಳ ಎರಡನೇ ಶನಿವಾರ ಸಂಜೆ ಆರಕ್ಕೆ ಮಾತಾಡುವವನು ನಾನು. ಪದವಿ ಇಲ್ಲ, ಮೂರು ಪ್ರತಿಗಳೂ ಇಲ್ಲ. ತಾವು ಬರುವುದಾದರೆ ಮೂರನೇ ಸಾಲಿನಲ್ಲಿ ಒಂದು ಕುರ್ಚಿ ಕಾದಿರಿಸಿರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಜಾಗ ಮಾಡಿಕೊಡುತ್ತೇವೆ.

ಇಂತಿ,
ಸರಿಯಾದ ಸಮಯ ಹೇಳಿದ ತಂದೆಯನ್ನು ಬಿಟ್ಟು ಊರಿನ ಕೂಗನ್ನು ನಂಬಿದ ಮಗ,
ಬಸ್ ನಿಲ್ದಾಣದ ಹಿಂದಿನ ರಸ್ತೆಯ ವಾಚ್ ರಿಪೇರಿಯವನು